ಅಜ್ಜೀ, ಇವತ್ತು ಕೋಸಂಬರಿ ನಾನೇ ಮಾಡ್ತೀನಿ!

"ಅಜ್ಜಿ, ನಾನೂ ಮಾಡ್ಲಾ?"

ನಾಲ್ಕೈದು ವರ್ಷದ ಮಗು ಇರುವ ಮನೆಯಲ್ಲಿ ಈ ಪ್ರಶ್ನೆ ದಿನಕ್ಕೆ ಎರಡು ಸಲವಾದರೂ ಕೇಳಿಬರುತ್ತದೆ. ಉತ್ತರವೂ ಸಿದ್ಧವಾಗಿಯೇ ಇರುತ್ತದೆ: "ಬೇಡ ಪುಟ್ಟಾ, ಕೈ ಸುಟ್ಟೀತು. ಆಚೆ ಹೋಗಿ ಆಡ್ಕೋ." ಮಗು ಹೋಗುತ್ತದೆ. ಹತ್ತು ವರ್ಷ ಕಳೆಯುತ್ತದೆ. ಹಬ್ಬದ ದಿನ, ಕೈತುಂಬ ಕೆಲಸವಿರುವಾಗ, "ಸ್ವಲ್ಪ ಬಂದು ಕಾಯಿ ತುರಿದುಕೊಡೋ" ಎಂದು ಕೂಗಿದರೆ ಆ ಮಗು, ಈಗ ಮೀಸೆ ಚಿಗುರುತ್ತಿರುವ ಹುಡುಗ, ಮೊಬೈಲಿನಿಂದ ತಲೆ ಎತ್ತುವುದಿಲ್ಲ. "ಈಗಿನ ಮಕ್ಕಳಿಗೆ ಅಡುಗೆಮನೆ ಯಾವ ದಿಕ್ಕಿಗಿದೆ ಅಂತಲೂ ಗೊತ್ತಿಲ್ಲ" ಎಂಬ ಮಾತು ಆಗ ಬರುತ್ತದೆ.

ಅಡುಗೆಮನೆಗೆ ತಾನಾಗಿ ಬರುವ ಆಸೆ ಮಕ್ಕಳಿಗೆ ಸಣ್ಣವರಿದ್ದಾಗಲೇ ಹೆಚ್ಚು. ಆಗ ಬರಮಾಡಿಕೊಂಡರೆ ಉಳಿಯುತ್ತಾರೆ. ಅಪ್ಪ ಅಮ್ಮನಿಗೆ ಬೆಳಗ್ಗೆ ಎಂಟರ ಬಸ್ಸಿನ ಅವಸರ. ಮಗುವಿನ ಕೈಗೆ ಬಟ್ಟಲು ಕೊಟ್ಟು ಕಾಯುವಷ್ಟು ವ್ಯವಧಾನ ಅವರಿಗೆಲ್ಲಿಂದ ಬರಬೇಕು? ಆ ವ್ಯವಧಾನ ಇರುವುದು ಅಜ್ಜಿ, ತಾತನ ಹತ್ತಿರ. ಬೇಸಿಗೆ ರಜೆಯಲ್ಲಿ ಮೊಮ್ಮಕ್ಕಳೂ ಅವರ ಹತ್ತಿರವೇ ಇರುತ್ತಾರೆ. ಅದಕ್ಕೇ ಈ ಬರಹ ಇಬ್ಬರಿಗೂ ಸೇರಿದ್ದು. ಅಜ್ಜಿಗೆ ಕನ್ನಡಕ ಸಿಗದಿದ್ದರೆ ಮೊಮ್ಮಗಳು ಗಟ್ಟಿಯಾಗಿ ಓದಲಿ.

ಮೊದಲೇ ಒಂದು ಮಾತು. ಶಾಲೆಗಳಲ್ಲಿ 'ಬೆಂಕಿ ಇಲ್ಲದ ಅಡುಗೆ' ಎಂಬ ಸ್ಪರ್ಧೆ ಏರ್ಪಡಿಸುತ್ತಾರೆ. ಹೋಗಿ ನೋಡಿದರೆ ಹತ್ತು ಮೇಜಿನಲ್ಲಿ ಎಂಟರ ಮೇಲೆ ಬಿಸ್ಕತ್ತು ಪುಡಿ ಮಾಡಿ ಚಾಕೊಲೇಟು ಸುರಿದ ಉಂಡೆ, ಅದರ ಮೇಲೆ ಬಣ್ಣಬಣ್ಣದ ಜೆಮ್ಸ್. ನೋಡಲು ಚೆಂದ. ಆದರೆ ಪೊಟ್ಟಣ ಹರಿದು ಇನ್ನೊಂದು ಪೊಟ್ಟಣಕ್ಕೆ ಬೆರೆಸುವುದರಲ್ಲಿ ಮಗು ಕಲಿಯುವುದೇನು? ಬೆಂಕಿ ಇಲ್ಲದ ಅಡುಗೆ ನಮಗೆ ಹೊಸದೇನಲ್ಲ. ಕೋಸಂಬರಿ, ಪಾನಕ, ನೀರುಮಜ್ಜಿಗೆ, ರಸಾಯನ, ಕಲಸಿದ ಅವಲಕ್ಕಿ, ಎಳ್ಳುಬೆಲ್ಲ, ತಂಬುಳಿ... ಒಲೆ ಹಚ್ಚದೆ ಮಾಡುವ ತಿನಿಸುಗಳ ಪಟ್ಟಿ ಕನ್ನಡ ನಾಡಿನಲ್ಲಿ ಇಷ್ಟು ಉದ್ದವಿರುವಾಗ ಬಿಸ್ಕತ್ತಿನ ಪುಡಿ ಏಕೆ?

ಎಷ್ಟು ವಯಸ್ಸಿಗೆ ಯಾವ ಕೆಲಸ?

ಮೂರು ನಾಲ್ಕು ವರ್ಷದ ಮಗುವಿಗೆ ಬೆರಳುಗಳೇ ಸಾಧನ. ಬಟಾಣಿ ಬಿಡಿಸಲಿ. ಕರಿಬೇವು ಕಡ್ಡಿಯಿಂದ ಎಲೆ ಉದುರಿಸಲಿ. ಕೊತ್ತಂಬರಿ ಸೊಪ್ಪನ್ನು ಕೈಯಲ್ಲೇ ಚೂರು ಮಾಡಲಿ. ಒಂದು ಪಾತ್ರೆಯ ನೀರಿನಲ್ಲಿ ಆಲೂಗಡ್ಡೆ ಹಾಕಿ ಕೊಟ್ಟರೆ ತೊಳೆಯುತ್ತಾ ಅರ್ಧ ಗಂಟೆ ಕೂರುವ ಮಕ್ಕಳಿದ್ದಾರೆ. ಅವರೆಕಾಯಿ ಕಾಲದಲ್ಲಂತೂ ಹಬ್ಬ. ನೀರಿನಲ್ಲಿ ನೆನೆಸಿದ ಅವರೆಕಾಳನ್ನು ಎರಡು ಬೆರಳ ನಡುವೆ ಹಿಡಿದು ಒತ್ತಿದರೆ ಸಿಪ್ಪೆ ಕೈಯಲ್ಲಿ, ಬೇಳೆ ಪುಳಕ್ಕನೆ ಬಟ್ಟಲಿಗೆ! ಬೆಂಗಳೂರು, ಕೋಲಾರ, ಮೈಸೂರು ಕಡೆಯ ಮನೆಗಳಲ್ಲಿ ಹಿತುಕಿದ ಬೇಳೆಯ ಸಾರಿನ ಹಿಂದೆ ಮಕ್ಕಳ ಬೆರಳು ಎಷ್ಟು ದುಡಿದಿದೆಯೋ ಲೆಕ್ಕ ಇಟ್ಟವರಿಲ್ಲ. ಯಾರ ಬೇಳೆ ಎಷ್ಟು ದೂರ ಹಾರಿತು ಎಂಬ ಪಂದ್ಯವೂ ನಡೆಯುತ್ತದೆ. ಆಮೇಲೆ ಮಂಚದ ಕೆಳಗಿನಿಂದ ಆರಿಸಿ ತರುವ ಕೆಲಸ ಸೋತವರದು.

ಒಂದು ಎಚ್ಚರ ಮಾತ್ರ ಬೇಕು. ಕಡಲೆಬೀಜದ ಸಿಪ್ಪೆ ಉಜ್ಜಿ ಊದುವ ಕೆಲಸ ಮಕ್ಕಳಿಗೆ ಬಲು ಇಷ್ಟ. ಆದರೆ ನಾಲ್ಕು ವರ್ಷದೊಳಗಿನವರಿಗೆ ಇಡೀ ಬೀಜ ತಿನ್ನಲು ಕೊಡಬೇಡಿ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ಐದು ಆರು ವರ್ಷಕ್ಕೆ ಅಳೆಯುವುದು, ಸುರಿಯುವುದು, ಕುಟ್ಟುವುದು, ಕಲಸುವುದು ಬರುತ್ತದೆ. ಬಾಳೆಹಣ್ಣು ಹೆಚ್ಚಲು ಮೊಂಡು ಚಾಕು ಸಾಕು. ಏಳೆಂಟು ವರ್ಷಕ್ಕೆ ಸಣ್ಣ ಚಾಕು ಕೊಡಬಹುದು. ದೊಡ್ಡವರು ಸೌತೆಕಾಯಿಯನ್ನು ಉದ್ದುದ್ದ ಸೀಳಿ ಕೊಟ್ಟರೆ ಅವರು ಅಡ್ಡಡ್ಡ ಹೆಚ್ಚುತ್ತಾರೆ. ತರಕಾರಿ ಹಿಡಿದ ಕೈಯ ಬೆರಳ ತುದಿಗಳು ಒಳಕ್ಕೆ ಮಡಚಿರಬೇಕು, ಬೆಕ್ಕು ಪಂಜ ಊರಿದ ಹಾಗೆ. ಇದನ್ನು ಚಾಕು ಇಲ್ಲದೆಯೇ ಎರಡು ದಿನ ಅಭ್ಯಾಸ ಮಾಡಿಸಿ. ಈಳಿಗೆಮಣೆ, ಕಾಯಿ ತುರಿಯುವ ಮಣೆ ಇವೆರಡೂ ಸದ್ಯಕ್ಕೆ ಅಜ್ಜಿಯ ಪಾಲು. ಮಿಕ್ಸಿಯೂ ಅಷ್ಟೆ.

ಇನ್ನು ಕೂರುವ ಜಾಗ. ಈಗಿನ ಅಡುಗೆಮನೆಯ ಕಟ್ಟೆ ಮಗುವಿನ ಗಲ್ಲಕ್ಕೆ ಬರುತ್ತದೆ. ಸ್ಟೂಲು ಹಾಕಿ ನಿಲ್ಲಿಸಿದರೆ ನಮ್ಮ ಜೀವ ಕೈಯಲ್ಲಿ. ಹಳೆಯ ಪದ್ಧತಿಯೇ ಸರಿ: ನೆಲದ ಮೇಲೆ ಹಳೇ ಪೇಪರು ಹಾಸಿ, ಚಾಪೆ ಎಳೆದು ಕೂರಿಸಿ. ನೆಲದಲ್ಲಿ ಕೂತವರು ಬೀಳುವುದಿಲ್ಲ, ಬಟ್ಟಲು ಜಾರಿದರೂ ಅರ್ಧ ಅಡಿಯಷ್ಟೆ. ಮಂಡಿನೋವಿನ ಅಜ್ಜಿ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ರಾಣಿಯ ಹಾಗೆ ಆಜ್ಞೆ ಕೊಡಲಿ.

ಮಕ್ಕಳಿಗೆ ಬೇಕಾದದ್ದು ಆಟಿಕೆಯ ಪಾತ್ರೆಯಲ್ಲ, ನಿಜವಾದ ಕೆಲಸ ಎಂಬುದನ್ನು ಕಂಡುಕೊಂಡು ಅದರ ಮೇಲೆಯೇ ಶಾಲೆ ಕಟ್ಟಿದವರು ಇಟಲಿಯ ಮರಿಯಾ ಮಾಂಟೆಸರಿ. ವೃತ್ತಿಯಿಂದ ವೈದ್ಯೆ. 1907ರಲ್ಲಿ ರೋಮ್ ನಗರದ ಬಡವರ ಬಡಾವಣೆಯೊಂದರಲ್ಲಿ ಅವರ ಮೊದಲ ಮಕ್ಕಳ ಮನೆ ಶುರುವಾಯಿತು. ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಚೆಲ್ಲದೆ ನೀರು ಸುರಿಯುವುದು, ಗುಡಿಸುವುದು, ಊಟ ಬಡಿಸುವುದು ಎಲ್ಲವೂ ಅಲ್ಲಿ ಪಾಠ. ಮಾಂಟೆಸರಿ 1939ರಲ್ಲಿ ಮದರಾಸಿನ ಅಡಯಾರಿಗೆ ಬಂದು, ಮಹಾಯುದ್ಧದ ವರ್ಷಗಳನ್ನೆಲ್ಲ ಭಾರತದಲ್ಲೇ ಕಳೆದು, ಇಲ್ಲಿನ ಶಿಕ್ಷಕರಿಗೆ ತರಬೇತಿ ಕೊಟ್ಟರು. ಅವರು ಶಾಲೆಯೊಳಗೆ ತಂದ ಆ ಕೆಲಸಗಳು ನಮ್ಮ ಅಜ್ಜಿಯರ ಹಿತ್ತಿಲು, ನಡುಮನೆಗಳಲ್ಲಿ ದಿನವೂ ನಡೆಯುತ್ತಿದ್ದವು.

ಮೊದಲ ಪಾಠ ಕೋಸಂಬರಿ

ಕಲಿಸಲು ಕೋಸಂಬರಿಯಷ್ಟು ಒಳ್ಳೆಯ ಅಡುಗೆ ಇನ್ನೊಂದಿಲ್ಲ ಎಂದು ನನ್ನ ಅಭಿಪ್ರಾಯ. ನೆನೆಸುವುದು, ಹೆಚ್ಚುವುದು, ಹಿಂಡುವುದು, ಬೆರೆಸುವುದು ಎಲ್ಲ ಇದೆ. ಕೆಡುವ ಸಂಭವ ಕಡಿಮೆ. ರಾಮನವಮಿಯ ದಿನ ಬೀದಿಬೀದಿಯಲ್ಲಿ ದೊನ್ನೆ ತುಂಬ ಕೊಡುವುದನ್ನು ಮಕ್ಕಳು ತಿಂದು ನೋಡಿರುತ್ತಾರೆ, ರುಚಿ ಹೊಸದಲ್ಲ.

ಬೇಕಾಗುವುದು: ಹೆಸರುಬೇಳೆ ಅರ್ಧ ಲೋಟ, ಎಳೆ ಸೌತೆಕಾಯಿ ಒಂದು, ತೆಂಗಿನ ತುರಿ ಎರಡು ದೊಡ್ಡ ಚಮಚ, ಕೊತ್ತಂಬರಿ ಸೊಪ್ಪು, ಅರ್ಧ ನಿಂಬೆಹಣ್ಣು, ಉಪ್ಪು. ಹಸಿಮೆಣಸಿನಕಾಯಿ ಮಕ್ಕಳು ಮುಟ್ಟುವುದು ಬೇಡ. ಆ ಕೈ ಕಣ್ಣಿಗೆ ಹೋದರೆ ಅಂದಿನ ಅಡುಗೆ ಪಾಠ ಅಲ್ಲಿಗೇ ಮುಗಿಯಿತು. ಬದಲು ಎರಡು ಕಾಳು ಮೆಣಸು ಕುಟ್ಟಿ ಹಾಕಿ.

ಬೇಳೆಯನ್ನು ಮಗುವೇ ಮೂರು ಸಲ ತೊಳೆಯಲಿ. ಮೊದಲ ನೀರು ಮಬ್ಬಾಗಿ, ಮೂರನೆಯದು ತಿಳಿಯಾಗಿ ಬರುವುದನ್ನು ನೋಡಲಿ. ಇದು ಬೇಯಿಸದೆ ತಿನ್ನುವ ಪದಾರ್ಥವಾದ್ದರಿಂದ ನೆನೆಸಲು ಕುಡಿಯುವ ನೀರನ್ನೇ ಬಳಸಿ. ಒಂದು ಗಂಟೆ ನೆನೆದರೆ ಸಾಕು. ಉಗುರಿನಿಂದ ಒತ್ತಿದರೆ ಬೇಳೆ ಎರಡಾಗಬೇಕು, ಅದೇ ಹದ.

ಆ ಒಂದು ಗಂಟೆ ಮಕ್ಕಳು ಸುಮ್ಮನೆ ಕೂರುತ್ತಾರೆಯೇ? ಅದಕ್ಕೊಂದು ಆಟ ಇದೆ. ಬಿಳಿ ಕಾಗದದ ಮೇಲೆ ಅರಿಸಿನ ಕಲಸಿದ ನೀರು ಬಳಿದು ಒಣಗಿಸಿ. ಹತ್ತಿಯ ಕಡ್ಡಿಯನ್ನು ಸಾಬೂನು ನೀರಿನಲ್ಲಿ ಅದ್ದಿ ಅದರ ಮೇಲೆ ಹೆಸರು ಬರೆಯಿರಿ. ಹಳದಿ ಕಾಗದದ ಮೇಲೆ ಕೆಂಪು ಅಕ್ಷರ! ಅದರ ಮೇಲೆ ನಿಂಬೆರಸ ಒರೆಸಿದರೆ ಕೆಂಪು ಮಾಯ, ಮತ್ತೆ ಹಳದಿ. ಅರಿಸಿನ ಕ್ಷಾರದ ಜೊತೆ ಸೇರಿದರೆ ಕೆಂಪಾಗುತ್ತದೆ, ಹುಳಿ ಸೇರಿದರೆ ಮರಳಿ ಹಳದಿಯಾಗುತ್ತದೆ. ಹಿಂದಿನವರು ಅರಿಸಿನಕ್ಕೆ ಸುಣ್ಣ ಬೆರೆಸಿ ಕುಂಕುಮ ಮಾಡುತ್ತಿದ್ದುದೂ ಇದೇ ಗುಟ್ಟಿನಿಂದ. ಏಳನೇ ತರಗತಿಯ ಅಣ್ಣ ಅಕ್ಕಂದಿರು ಇದನ್ನು ವಿಜ್ಞಾನದ ಪುಸ್ತಕದಲ್ಲಿ ಓದಿರುತ್ತಾರೆ, ಅವರನ್ನೇ ಕೇಳಿ. ಕೈ ತೊಳೆದು ಬನ್ನಿ, ಬೇಳೆ ನೆನೆದಿದೆ.

ಸೌತೆಕಾಯಿ ಹೆಚ್ಚುವ ಮುಂಚೆ ತೊಟ್ಟಿನ ಕಡೆಯಿಂದ ಒಂದು ಚೂರು ತಿಂದು ನೋಡಿ. ಕಹಿ ಇದ್ದರೆ ಅಲ್ಲೇ ಹೆಚ್ಚು. ಒಂದು ಕಹಿ ಕಾಯಿ ಇಡೀ ಪಾತ್ರೆಯನ್ನು ಕೆಡಿಸುತ್ತದೆ. ಬೇಳೆಯ ನೀರು ಪೂರ್ತಿ ಬಸಿದು, ಸೌತೆಕಾಯಿ, ಕಾಯಿತುರಿ, ಸೊಪ್ಪು ಬೆರೆಸಿ. ನಿಂಬೆ ಹಿಂಡಿ, ಬೀಜ ಬಿದ್ದರೆ ಆರಿಸುವ ಕೆಲಸ ಅತಿ ಸಣ್ಣವರಿಗೆ. ಒಗ್ಗರಣೆ ಅಜ್ಜಿಯದು: ಸಾಸಿವೆ, ಇಂಗು, ಮಗು ಬಿಡಿಸಿಕೊಟ್ಟ ಕರಿಬೇವು. ಚಟಪಟ ಸದ್ದು ಕೇಳುವಾಗ ಮಕ್ಕಳು ನಾಲ್ಕು ಹೆಜ್ಜೆ ದೂರ.

ಉಪ್ಪು ಎಲ್ಲಿ ಹೋಯಿತು? ಅದು ಕೊನೆಗೆ, ಎಲೆ ಹಾಕಿದ ಮೇಲೆ. ಏಕೆಂದು ಮಕ್ಕಳಿಗೆ ಬಾಯಲ್ಲಿ ಹೇಳಬೇಡಿ, ತೋರಿಸಿ. ಎರಡು ಬಟ್ಟಲಲ್ಲಿ ನಾಲ್ಕು ನಾಲ್ಕು ಚೂರು ಸೌತೆಕಾಯಿ ಇಟ್ಟು ಒಂದಕ್ಕೆ ಮಾತ್ರ ಉಪ್ಪು ಹಚ್ಚಿ. ಕಾಲು ಗಂಟೆಯಲ್ಲಿ ಉಪ್ಪಿನ ಬಟ್ಟಲಲ್ಲಿ ನೀರು ನಿಂತಿರುತ್ತದೆ, ಚೂರುಗಳು ಬಾಡಿರುತ್ತವೆ. ಕಾಯಿಯೊಳಗಿನ ನೀರನ್ನು ಉಪ್ಪು ಹೊರಕ್ಕೆ ಎಳೆಯುತ್ತದೆ. ಉಪ್ಪಿನಕಾಯಿಗೆ ಮಾವಿನಕಾಯಿ ಹೆಚ್ಚಿ ಉಪ್ಪು ಹಾಕಿ ಇಟ್ಟಾಗ ಜಾಡಿಯಲ್ಲಿ ರಸ ನಿಲ್ಲುವುದೂ ಇದರಿಂದಲೇ. ಇದನ್ನು ಒಮ್ಮೆ ಕಣ್ಣಾರೆ ಕಂಡ ಮಗು "ಉಪ್ಪು ಕೊನೆಗೆ ಅಜ್ಜೀ" ಎಂದು ಜೀವಮಾನವೆಲ್ಲ ನೆನಪಿಡುತ್ತದೆ.

ಕಾಲು ಚಮಚದಿಂದ ಶುರು ಮಾಡಿ, ರುಚಿ ನೋಡಿ, ಬೇಕಾದರೆ ಇನ್ನಷ್ಟು. ಹಾಕಿದ ಉಪ್ಪನ್ನು ತೆಗೆಯಲಾಗದು ಎಂಬುದೂ ಅಡುಗೆಯ ಪಾಠವೇ. ಕೈ ತಪ್ಪಿ ಜಾಸ್ತಿಯಾದರೆ ಬೈಯಬೇಡಿ. ಇನ್ನೊಂದು ಸೌತೆಕಾಯಿ, ಇನ್ನೊಂದು ಹಿಡಿ ಕಾಯಿತುರಿ ಸೇರಿಸಿದರೆ ಸರಿಹೋಗುತ್ತದೆ. ಬೇಸಿಗೆಯಲ್ಲಿ ಕೋಸಂಬರಿ ಮಾಡಿದ ಒಂದೆರಡು ಗಂಟೆಯಲ್ಲಿ ಖರ್ಚಾಗಬೇಕು.

ಇನ್ನು ಎಲ್ಲಕ್ಕಿಂತ ಮುಖ್ಯವಾದ ಕೆಲಸ ಬಡಿಸುವುದು. ಮಗು ಮಾಡಿದ ಕೋಸಂಬರಿಯನ್ನು "ಅದು ಮಗೂದು, ಆಮೇಲೆ ತಿಂದರಾಯಿತು" ಎಂದು ಪಕ್ಕಕ್ಕಿಡಬೇಡಿ. ಎಲ್ಲರ ತಟ್ಟೆಗೂ, ಉಪ್ಪು ಉಪ್ಪಿನಕಾಯಿಯ ಪಕ್ಕ ಅದು ಇರುವ ಜಾಗದಲ್ಲೇ, ಮಗುವೇ ಬಡಿಸಲಿ. ತಾತ ಎರಡನೇ ಸಲ ಕೇಳಿ ಹಾಕಿಸಿಕೊಳ್ಳಲಿ. ಇದು ಸುಳ್ಳು ಹೊಗಳಿಕೆ ಆಗಬೇಕಿಲ್ಲ. "ನಿಂಬೆ ಸ್ವಲ್ಪ ಮುಂದಾಯ್ತು ಕಣೋ, ಆದರೂ ಚೆನ್ನಾಗಿದೆ" ಎಂದರೆ ಮಗುವಿಗೆ ಬೇಜಾರಾಗುವುದಿಲ್ಲ. ತನ್ನ ಅಡುಗೆಯನ್ನು ದೊಡ್ಡವರ ಅಡುಗೆಯ ಹಾಗೆಯೇ ಮಾತಾಡಿಸಿದರು ಎಂದು ಒಳಗೊಳಗೇ ಹಿಗ್ಗುತ್ತದೆ. ತರಕಾರಿ ಮುಟ್ಟದ ಮಕ್ಕಳು ತಾವೇ ಹೆಚ್ಚಿದ ಸೌತೆಕಾಯಿಯನ್ನು ಬಟ್ಟಲು ಖಾಲಿಯಾಗುವವರೆಗೂ ತಿನ್ನುವುದನ್ನು ಎಷ್ಟೋ ಮನೆಗಳಲ್ಲಿ ನೋಡಬಹುದು.

ತಾತನ ಕುಟ್ಟಾಣಿ, ಮೊಮ್ಮಗನ ಪಾನಕ

ತಾತ ಎಲೆ ಅಡಿಕೆ ಕುಟ್ಟುವ ಕುಟ್ಟಾಣಿ ಇನ್ನೂ ಮನೆಯಲ್ಲಿದೆಯೇ? ಚೆನ್ನಾಗಿ ತೊಳೆದು ಮೊಮ್ಮಗನ ಕೈಗೆ ಕೊಡಿ. ಇಲ್ಲದಿದ್ದರೆ ಶುಂಠಿ ಜಜ್ಜುವ ಕಲ್ಲೇ ಆದೀತು. ನಾಲ್ಕು ಕಾಳುಮೆಣಸು, ಮೂರು ಏಲಕ್ಕಿ, ಬೆರಳ ತುದಿಯಷ್ಟು ಒಣಶುಂಠಿ ಕುಟ್ಟಲಿ. ಏಲಕ್ಕಿ ಒಡೆದ ಕೂಡಲೇ ಮನೆಯೆಲ್ಲ ಪರಿಮಳ.

ಒಂದು ಲೋಟ ಬೆಲ್ಲದ ಪುಡಿಗೆ ನಾಲ್ಕು ಲೋಟ ನೀರು. ಇಲ್ಲೂ ಒಂದು ಸಣ್ಣ ಪಂದ್ಯ ಇಡಬಹುದು: ಅಣ್ಣನ ಲೋಟಕ್ಕೆ ಬೆಲ್ಲದ ಉಂಡೆ, ತಂಗಿಯ ಲೋಟಕ್ಕೆ ಅಷ್ಟೇ ತೂಕದ ಪುಡಿ. ಯಾರದು ಬೇಗ ಕರಗುತ್ತದೆ? ತಂಗಿಯದೇ ಗೆಲ್ಲುವುದು, ಪುಡಿಗೆ ನೀರು ಎಲ್ಲ ಕಡೆಯಿಂದಲೂ ತಾಗುತ್ತದಲ್ಲ. ಕರಗಿದ ಮೇಲೆ ತೆಳು ಬಟ್ಟೆಯಲ್ಲಿ ಸೋಸಿ. ಬಟ್ಟೆಯಲ್ಲಿ ಉಳಿದ ಮಣ್ಣು, ಕಬ್ಬಿನ ನಾರು ತೋರಿಸಿದರೆ ಸೋಸುವುದು ಏಕೆ ಎಂದು ಮತ್ತೆ ಕೇಳುವುದಿಲ್ಲ. ಒಂದು ನಿಂಬೆಹಣ್ಣಿನ ರಸ, ಕುಟ್ಟಿದ ಪುಡಿ, ಒಂದೇ ಒಂದು ಹರಳು ಉಪ್ಪು. ಬೇಲದ ಹಣ್ಣು ಸಿಕ್ಕಿದರೆ ಅದರ ತಿರುಳು ಕಿವುಚಿ ಬೇಲದ ಪಾನಕ ಮಾಡಿ; ಹಣ್ಣು ಒಡೆಯುವ ಕೆಲಸ ಮಾತ್ರ ದೊಡ್ಡವರದು. ಫ್ರಿಜ್ಜಿಗಿಂತ ಮಣ್ಣಿನ ಮಡಕೆ ಒಳ್ಳೆಯದು. ಮಡಕೆಯ ಸಣ್ಣ ರಂಧ್ರಗಳಿಂದ ಜಿನುಗಿದ ನೀರು ಆವಿಯಾಗುವಾಗ ಒಳಗಿನದು ತಂಪಾಗುತ್ತದೆ.

ಅವಲಕ್ಕಿಗೆ ನೀರೇ ಬೇಡ

ಉಡುಪಿ, ಮಂಗಳೂರು ಕಡೆ ತೆಳು ಅವಲಕ್ಕಿಯನ್ನು ಕಲಸುವ ರೀತಿ ಮಕ್ಕಳಿಗೆಂದೇ ಹುಟ್ಟಿದಂತಿದೆ. ಒಂದು ಲೋಟ ಹಸಿ ತೆಂಗಿನ ತುರಿಗೆ ಕಾಲು ಲೋಟ ಬೆಲ್ಲದ ಪುಡಿ, ಚಿಟಿಕೆ ಉಪ್ಪು ಹಾಕಿ ಕೈಯಲ್ಲಿ ಚೆನ್ನಾಗಿ ಕಿವುಚಬೇಕು. ಎರಡು ನಿಮಿಷದಲ್ಲಿ ಕಾಯಿ ಪಸೆ ಬಿಡುತ್ತದೆ, ಬೆಲ್ಲ ಕರಗುತ್ತದೆ. ಆಗ ಮೂರು ಲೋಟ ತೆಳು ಅವಲಕ್ಕಿ ಹಾಕಿ ಹಗುರವಾಗಿ ಬೆರೆಸಿ, ಐದು ನಿಮಿಷ ಮುಚ್ಚಿಡಿ. ಆ ಪಸೆಯಲ್ಲೇ ಅವಲಕ್ಕಿ ಮೆತ್ತಗಾಗುತ್ತದೆ. ಖಾರ ಬೇಕೆನ್ನುವವರು ಬೆಲ್ಲ ಕಡಿಮೆ ಮಾಡಿ ಒಂದು ಚಮಚ ಸಾರಿನ ಪುಡಿ ಸೇರಿಸಲಿ. ಕಲಸುವ ಹೊತ್ತಿಗೆ ಅಜ್ಜಿ ಕುಚೇಲನ ಕಥೆ ಶುರು ಮಾಡಿದರೆ, ಕೃಷ್ಣ ಎರಡನೇ ಹಿಡಿ ಬಾಯಿಗಿಡುವ ಹೊತ್ತಿಗೆ ಅವಲಕ್ಕಿ ಸಿದ್ಧ.

ದಪ್ಪ ಅವಲಕ್ಕಿಯಾದರೆ ತೊಳೆದು ಹಿಂಡಿ ಮೊಸರು ಬೆರೆಸಿ. ಮಂಡಕ್ಕಿ ಇದ್ದರೆ ಈರುಳ್ಳಿ, ಟೊಮೇಟೊ, ನಿಂಬೆರಸ ಸೇರಿಸಿ ಚುರುಮುರಿ. ಬಾಳೆಹಣ್ಣು, ಬೆಲ್ಲ, ಕಾಯಿತುರಿ, ಏಲಕ್ಕಿ ಸೇರಿದರೆ ರಸಾಯನ. ಇವಕ್ಕೆಲ್ಲ ಬಿಡಿಸಿ ಹೇಳುವುದೇನೂ ಇಲ್ಲ, ಅಜ್ಜಿಯಂದಿರಿಗೆ ಗೊತ್ತಿರುವುದೇ.

ಬಾಟಲಿಯೊಳಗೆ ಬೆಣ್ಣೆ

ಮಳೆ ಬಂದು ಆಚೆ ಆಡಲಾಗದ ಸಂಜೆಗೆ ಇದು. ವಾರವಿಡೀ ಹಾಲಿನ ಕೆನೆ ಕೂಡಿಟ್ಟು ಹೆಪ್ಪು ಹಾಕಿರುತ್ತೀರಲ್ಲ, ಅದರಲ್ಲಿ ಸ್ವಲ್ಪವನ್ನು ಅಗಲ ಬಾಯಿಯ ಪ್ಲಾಸ್ಟಿಕ್ ಡಬ್ಬಿಗೆ ಅರ್ಧಕ್ಕೆ ಹಾಕಿ, ಅಷ್ಟು ತಣ್ಣೀರು ಸೇರಿಸಿ. ಅರ್ಧಕ್ಕಿಂತ ತುಸು ಮೇಲೆ ಬಂದರೆ ಸಾಕು, ಅಲುಗಲು ಜಾಗ ಬೇಕು. ಮುಚ್ಚಳ ಬಿಗಿ ಮಾಡಿ ಕುಲುಕಲು ಕೊಡಿ. ಒಬ್ಬರಿಗೆ ಕೈ ನೋವಾದರೆ ಇನ್ನೊಬ್ಬರು. ಮೊದಲು ಸಳಸಳ ಎನ್ನುತ್ತದೆ. ಆಮೇಲೆ ಗಟ್ಟಿಯಾಗಿ ಸದ್ದೇ ನಿಲ್ಲುತ್ತದೆ. ಮಕ್ಕಳು "ಕೆಟ್ಟುಹೋಯ್ತು" ಎನ್ನುವುದು ಇಲ್ಲೇ. ಇನ್ನೂ ಕುಲುಕಿ ಎನ್ನಿ. ಇದ್ದಕ್ಕಿದ್ದಂತೆ ದಡಬಡ ಸದ್ದು! ತೆರೆದು ನೋಡಿದರೆ ಬೆಣ್ಣೆಯ ಮುದ್ದೆ ಮಜ್ಜಿಗೆಯಲ್ಲಿ ತೇಲುತ್ತಿರುತ್ತದೆ.

ಕೆನೆಯಲ್ಲಿ ಚದುರಿದ್ದ ಕೊಬ್ಬಿನ ಸಣ್ಣ ಹನಿಗಳು ಒಂದಕ್ಕೊಂದು ಬಡಿದು ಅಂಟಿಕೊಂಡಿದ್ದಷ್ಟೆ. ಸೆಕೆ ಹೆಚ್ಚಿದ್ದರೆ ಬೆಣ್ಣೆ ಕಟ್ಟುವುದಿಲ್ಲ, ಎರಡು ತುಂಡು ಮಂಜುಗಡ್ಡೆ ಹಾಕಿ. ಕಡಗೋಲು ಮನೆಯಲ್ಲಿದ್ದರೆ ಒಂದು ದಿನ ಅದನ್ನೂ ಹಿಡಿಸಿ. ಉಳಿದ ಮಜ್ಜಿಗೆಗೆ ಉಪ್ಪು, ಇಂಗು, ಜಜ್ಜಿದ ಶುಂಠಿ. ಮಲೆನಾಡಿನವರಾದರೆ ಹಿತ್ತಿಲಿಂದ ಒಂದು ಹಿಡಿ ಒಂದೆಲಗ ಕಿತ್ತು ತರಿಸಿ, ಕಾಯಿ, ಜೀರಿಗೆ, ಮೆಣಸಿನ ಜೊತೆ ರುಬ್ಬಿ, ಅದೇ ಮಜ್ಜಿಗೆಯಲ್ಲಿ ತಂಬುಳಿ ಮಾಡಿಯಾರು.

ಹುಡುಗರಿಗೇಕೆ ಅಡುಗೆ ಎನ್ನುವವರಿಗೆ

ಮೊಮ್ಮಗಳನ್ನು ಕರೆದು ಕೂರಿಸುವ ಕೆಲವು ಅಜ್ಜಿಯರು ಮೊಮ್ಮಗ ಬಂದರೆ "ನಿನಗ್ಯಾಕೋ ಇದು, ಗಂಡುಹುಡುಗ" ಎನ್ನುವುದುಂಟು. ಅವರಿಗೆ ಭೀಮನನ್ನು ನೆನಪಿಸಬೇಕು. ವಿರಾಟರಾಯನ ಅರಮನೆಯಲ್ಲಿ ಒಂದು ವರ್ಷ ಸೌಟು ಹಿಡಿದವನು ಗದೆ ಹಿಡಿಯುವ ಅದೇ ಭೀಮ. ನಳಮಹಾರಾಜ ವೇಷ ಮರೆಸಿಕೊಂಡು ಬಾಹುಕನಾಗಿದ್ದಾಗ ಅವನನ್ನು ಗುರುತಿಸಲು ದಮಯಂತಿಗೆ ನೆರವಾದದ್ದರಲ್ಲಿ ಅವನ ಅಡುಗೆಯ ರುಚಿಯೂ ಒಂದು. ಇಂದಿಗೂ ರುಚಿಯಾದ ಊಟಕ್ಕೆ ನಳಪಾಕ, ಭೀಮಪಾಕ ಎನ್ನುತ್ತೇವೆ.

ಅದು ಕಥೆಯಾಯಿತು. ಕನ್ನಡದ ಪುಸ್ತಕಗಳನ್ನೇ ನೋಡಿ. ಹನ್ನೊಂದನೇ ಶತಮಾನದ ಚಾವುಂಡರಾಯ ಬರೆದ 'ಲೋಕೋಪಕಾರ'ದಲ್ಲಿ ಬಾವಿ ತೋಡುವುದು, ಗಿಡಮರಗಳ ಆರೈಕೆ ಇತ್ಯಾದಿಗಳ ಜೊತೆಗೆ ಅಡುಗೆಗೂ ಒಂದು ಅಧ್ಯಾಯ ಇದೆ. ಹದಿನಾರನೇ ಶತಮಾನದ ಆರಂಭದಲ್ಲಿ ಮೂರನೇ ಮಂಗರಸ ಎಂಬ ಕವಿ 'ಸೂಪಶಾಸ್ತ್ರ' ಎಂದು ಅಡುಗೆಗಾಗಿಯೇ ಒಂದು ಕೃತಿ ಬರೆದ, ಅದೂ ಷಟ್ಪದಿಯಲ್ಲಿ! ಅವನು ಸಣ್ಣ ರಾಜಮನೆತನಕ್ಕೆ ಸೇರಿದವನು. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲೂ ಬಗೆಬಗೆಯ ಭಕ್ಷ್ಯಗಳ ವಿವರ ಇದೆ. ನಮ್ಮ ಮದುವೆ ಮನೆಗಳಲ್ಲಿ ಸಾವಿರ ಜನಕ್ಕೆ ಬೇಯಿಸುವ ಅಡುಗೆ ಭಟ್ಟರೂ ಗಂಡಸರೇ ಅಲ್ಲವೇ? ನೂರು ಎಲೆಗೆ ಗಂಡಸು ಅಡುಗೆ ಮಾಡಿದರೆ ಕಸುಬು, ನಾಲ್ಕು ತಟ್ಟೆಗೆ ಮಾಡಿದರೆ ಮುಜುಗರ. ಈ ಲೆಕ್ಕ ನನಗಂತೂ ಅರ್ಥವಾಗಿಲ್ಲ. ನಾಳೆ ಓದಿಗೋ ಕೆಲಸಕ್ಕೋ ಬೇರೆ ಊರಿನಲ್ಲಿ ಒಬ್ಬನೇ ಇರಬೇಕಾದಾಗ, ಜ್ವರ ಬಂದ ರಾತ್ರಿ ಒಂದು ಗಂಜಿ ಕಾಯಿಸಿಕೊಳ್ಳಲು ಬರಬೇಕಲ್ಲ.

ಒಲೆಯ ಹತ್ತಿರ

ಒಂಬತ್ತು ಹತ್ತು ವರ್ಷದ ಮೇಲೆ, ದೊಡ್ಡವರು ಪಕ್ಕದಲ್ಲೇ ನಿಂತಿದ್ದಾಗ ಮಾತ್ರ. ಜೋಲಾಡುವ ತೋಳಿನ ಅಂಗಿ, ನೈಲಾನ್ ಬಟ್ಟೆ ಬೇಡ. ಕೂದಲು ಕಟ್ಟಿರಬೇಕು. ಬಾಣಲೆಯ ಹಿಡಿ ಕಟ್ಟೆಯಿಂದ ಹೊರಗೆ ಚಾಚಿರಬಾರದು. ಕುಕ್ಕರು ಮತ್ತು ಕಾದ ಎಣ್ಣೆಯ ತಂಟೆಗೆ ಮಕ್ಕಳು ಹೋಗಲೇಬಾರದು. ಗ್ಯಾಸಿನ ವಾಸನೆ ಬಂದರೆ ಸ್ವಿಚ್ಚು ಮುಟ್ಟದೆ, ಕಡ್ಡಿ ಗೀರದೆ ದೊಡ್ಡವರನ್ನು ಕೂಗಬೇಕು ಎಂಬುದನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿಸಿ. ಕೈ ಸುಟ್ಟರೆ ತಕ್ಷಣ ನಲ್ಲಿಯ ಕೆಳಗೆ ಹರಿಯುವ ನೀರಿನಲ್ಲಿ ಹತ್ತಿಪ್ಪತ್ತು ನಿಮಿಷ ಹಿಡಿಯಬೇಕು. ಟೂತ್‌ಪೇಸ್ಟು, ಶಾಯಿ, ಬೆಣ್ಣೆ, ಮಂಜುಗಡ್ಡೆ ಯಾವುದೂ ಬೇಡ. ಗುಳ್ಳೆ ಎದ್ದರೆ ಡಾಕ್ಟರಿಗೆ ತೋರಿಸಿ.

ಚಪಾತಿಯಿಂದ ಶುರು ಮಾಡುವವರು ಹೆಚ್ಚು. ಲಟ್ಟಿಸಿದ್ದು ಶ್ರೀಲಂಕಾ, ಆಸ್ಟ್ರೇಲಿಯಾ ಭೂಪಟವಾದರೂ ಬೇಯುವುದು ಒಂದೇ ರೀತಿ. ನನ್ನ ಮತ ಮಾತ್ರ ರಾಗಿ ಅಂಬಲಿಗೆ. ಅದರಲ್ಲಿ ಎಣ್ಣೆ ಸಿಡಿಯುವ ಭಯವಿಲ್ಲ, ಬೇಸಿಗೆಗೆ ಹೇಳಿ ಮಾಡಿಸಿದ್ದು, ಮೇಲಾಗಿ ಹೊಟ್ಟೆ ತುಂಬುತ್ತದೆ. ಎರಡು ದೊಡ್ಡ ಚಮಚ ರಾಗಿಹಿಟ್ಟನ್ನು ಅರ್ಧ ಲೋಟ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ. ಒಂದೂವರೆ ಲೋಟ ನೀರು ಕುದಿಯಲು ಶುರುವಾದಾಗ ಉರಿ ಸಣ್ಣ ಮಾಡಿ, ಕಲಸಿದ್ದನ್ನು ನಿಧಾನವಾಗಿ ಸುರಿಯುತ್ತಾ ಉದ್ದ ಹಿಡಿಯ ಸೌಟಿನಿಂದ ಕೈಬಿಡದೆ ತಿರುವಬೇಕು. ಐದಾರು ನಿಮಿಷದಲ್ಲಿ ಬಣ್ಣ ಗಾಢವಾಗಿ ಹೊಳಪು ಬರುತ್ತದೆ. ಇಳಿಸಿ, ಪೂರ್ತಿ ಆರಿದ ಮೇಲೆ ಒಂದು ಲೋಟ ಮಜ್ಜಿಗೆ, ಉಪ್ಪು, ಸಣ್ಣಗೆ ಹೆಚ್ಚಿದ ಈರುಳ್ಳಿ.

ತಣ್ಣೀರಿನಲ್ಲೇ ಏಕೆ ಕಲಸಬೇಕು? ಒಣ ಹಿಟ್ಟನ್ನು ಕುದಿಯುವ ನೀರಿಗೆ ಒಂದು ಚಮಚ ಹಾಕಿಸಿ ತೋರಿಸಿ. ಗಂಟು ಕಟ್ಟುತ್ತದೆ. ಆ ಗಂಟನ್ನು ಆರಿದ ಮೇಲೆ ಒಡೆದರೆ ಒಳಗೆ ಹಿಟ್ಟು ಒಣಗಿದ್ದ ಹಾಗೇ ಇರುತ್ತದೆ. ಹೊರಗಿನ ಪದರ ಥಟ್ಟನೆ ಬೆಂದು ಒಳಕ್ಕೆ ನೀರು ಹೋಗದಂತೆ ಬಾಗಿಲು ಹಾಕಿಕೊಂಡಿರುತ್ತದೆ.

ಅಜ್ಜಿಯ ಚಿಟಿಕೆ ಎಷ್ಟು?

ಮಕ್ಕಳೇ, ಈಗ ನಿಮಗೊಂದು ಕೆಲಸ. ಇದನ್ನು ಅಜ್ಜಿ ಮಾಡಲಾರರು, ನೀವೇ ಮಾಡಬೇಕು.

"ಅಜ್ಜಿ, ನಿನ್ನ ಹುಳಿಗೆ ಉಪ್ಪು ಎಷ್ಟು?" ಎಂದು ಕೇಳಿ ನೋಡಿ. "ಅಳತೆಗೇನೋ, ಒಂದಿಷ್ಟು ಹಾಕೋದು" ಎಂದಾರು. ಅವರು ಗುಟ್ಟು ಮಾಡುತ್ತಿಲ್ಲ. ಐವತ್ತು ವರ್ಷ ಅಡುಗೆ ಮಾಡಿದ ಕೈಗೆ ಅಳತೆ ಗೊತ್ತು, ಬಾಯಿಗೆ ಗೊತ್ತಿಲ್ಲ. ಅಮ್ಮ ಫೋನಿನಲ್ಲಿ ಕೇಳಿ ಅದೇ ಹುಳಿ ಮಾಡಿದರೂ ಅಜ್ಜಿಯ ರುಚಿ ಬರದಿರುವುದು ಈ 'ಒಂದಿಷ್ಟು' ಎಂಬುದರಿಂದ. ಅಜ್ಜಿ ಅಡುಗೆ ಮಾಡುವುದು ನಿಂತ ದಿನ ಆ ಅಳತೆಯೂ ಅವರೊಂದಿಗೇ ನಿಂತುಬಿಡುತ್ತದೆ.

ಹಾಗಾಗಿ ಒಂದು ನೋಟ್‌ಬುಕ್ಕು, ಚಮಚ, ಸಣ್ಣ ತಟ್ಟೆ ಹಿಡಿದು ಅಜ್ಜಿಯ ಪಕ್ಕ ನಿಲ್ಲಿ. ಅವರು ಉಪ್ಪಿನ ಡಬ್ಬಿಗೆ ಕೈ ಹಾಕಿದ ಕೂಡಲೇ "ಅಜ್ಜಿ, ಒಂದು ನಿಮಿಷ!" ಎಂದು ತಟ್ಟೆ ಒಡ್ಡಿ. ಅವರ ಬೆರಳಿನಿಂದ ತಟ್ಟೆಗೆ ಬಿದ್ದದ್ದನ್ನು ಚಮಚದಲ್ಲಿ ಅಳೆದು ಬರೆದುಕೊಂಡು, ಆಮೇಲೆ ಪಾತ್ರೆಗೆ ಹಾಕಿ. ಹುಣಸೆಹಣ್ಣಿನ 'ನೆಲ್ಲಿಕಾಯಿ ಗಾತ್ರ', ಬೆಲ್ಲದ 'ಒಂದು ಚೂರು' ಎಲ್ಲಕ್ಕೂ ಹೀಗೆಯೇ. ಅಜ್ಜಿಯ ಒಂದು ಹಿಡಿ ಅಕ್ಕಿಯೂ ನಿಮ್ಮ ಒಂದು ಹಿಡಿಯೂ ಎಷ್ಟು ಬೇರೆ ಎಂದು ಕಾಳು ಎಣಿಸಿಯೇ ನೋಡಬಹುದು, ರಜೆಯಲ್ಲಿ ಹೊತ್ತಿಗೇನು ಬರ? ಮನೆಯಲ್ಲಿ ಹಳೆಯ ಪಾವು, ಸೇರು ಇದ್ದರೆ ಹೊರಗೆ ತೆಗೆಸಿ. ಎರಡು ಪಾವು ಒಂದು ಅಚ್ಚೇರು, ಎರಡು ಅಚ್ಚೇರು ಒಂದು ಸೇರು. ನಿಮ್ಮ ಮನೆಯ ಪಾವಿನಲ್ಲಿ ಎಷ್ಟು ಲೋಟ ಹಿಡಿಯುತ್ತದೆ ಎಂದೂ ಬರೆದಿಡಿ.

ಮೊಮ್ಮಕ್ಕಳು ಹೊರದೇಶದಲ್ಲಿದ್ದರೆ ವೀಡಿಯೊ ಕರೆಯಲ್ಲೂ ಇದು ಸಾಧ್ಯ. ಅಲ್ಲಿ ಮಗು ಸೌತೆಕಾಯಿ ಹೆಚ್ಚುತ್ತಿರಲಿ, ಇಲ್ಲಿ ಅಜ್ಜಿ "ಇನ್ನೂ ಸಣ್ಣಗೆ, ಇನ್ನೂ ಸಣ್ಣಗೆ" ಎನ್ನುತ್ತಿರಲಿ.

ಕೆಲವು ಸಂಗತಿಗಳು ಚಮಚಕ್ಕೆ ಸಿಕ್ಕುವುದಿಲ್ಲ. ಬೆಲ್ಲದ ಪಾಕ ಎಳೆ ಬಂದಿದೆ ಎಂದು ಎರಡು ಬೆರಳ ನಡುವೆ ಎಳೆದು ನೋಡುತ್ತಾರಲ್ಲ, ದೋಸೆ ಹಿಟ್ಟು ಹುಳಿ ಬಂದಿದೆ ಎಂದು ಮೂಸಿ ಹೇಳುತ್ತಾರಲ್ಲ, ಅಂಥವು. ಅಲ್ಲಿ ಪೆನ್ನು ಕೆಳಗಿಡಿ. ಅಜ್ಜಿ ಪಾಕ ಆರಿಸಿ ಕೊಟ್ಟ ಮೇಲೆ ನಿಮ್ಮ ಬೆರಳಿನಲ್ಲೂ ಎಳೆ ಎಳೆದು ನೋಡಿ, ಹಿಟ್ಟಿನ ಪಾತ್ರೆಗೆ ನೀವೂ ಮೂಗು ಒಡ್ಡಿ. ಆಮೇಲೆ ಹಾಳೆಯ ಮೇಲೆ ಅಡುಗೆಯ ಹೆಸರು, ತಾರೀಕು, ಅಜ್ಜಿಯ ಹೆಸರು ಬರೆಯಿರಿ. ಹಾಳೆಗೆ ಎಣ್ಣೆಯ ಕಲೆ ಬಿದ್ದರೆ ಬೀಳಲಿ. ಪಾತ್ರೆ ತೊಳೆಯುವುದು ಬಾಕಿ ಇದೆ, ನೋಟ್‌ಬುಕ್ಕು ನೀರಿನಿಂದ ದೂರ ಇಡಿ.